ಅಣ್ಣನ ಕ್ಯಾಸೆಟ್ ವಿಷಯ, ಪುಟ್ಟಿಗೆ

ಹಲೋ ಪುಟ್ಟಿ, ಅತ್ತೆ ಮಾತಾಡ್ತಿರೋದು. ಬರೆಯೋಕೆ ಹೋದ್ರೆ ಬೆರಳು ಎಲ್ಲೆಲ್ಲೋ ಒತ್ತುತ್ತೆ, ಅದಕ್ಕೇ ವಾಯ್ಸ್ ಹಾಕ್ತಿದೀನಿ. ಉದ್ದ ಆಗುತ್ತೆ, ಕೆಲಸ ಮಾಡ್ಕೊಂಡೇ ಕೇಳು. ಬೆಳಿಗ್ಗೆ ಗ್ರೂಪಲ್ಲಿ ಕೇಳಿದ್ಯಲ್ಲ, ಮೊಬೈಲಲ್ಲಿ ಮಕ್ಕಳ ಹಾಡು ಹಾಕಿದ್ರೆ ಅದರ ಹಿಂದೆನೇ ಎಂಥೆಂಥದೋ ಅಸಭ್ಯ ಹಾಡು ತಾನಾಗೇ ಬರುತ್ತೆ, ಅದರ ಬದಲು ಅಪ್ಪ ಹಾಡಿರೋ ಕ್ಯಾಸೆಟ್ಟೇ ದಿನಾ ಹಾಕಲಾ, ಆದ್ರೆ ಅದು ಕೀಚ್ ಅಂತಿದೆ, ಭಯ ಆಗ್ತಿದೆ ಅಂತ. ಹಾಡು ಹಾಕು, ಖಂಡಿತ ಹಾಕು. ಕ್ಯಾಸೆಟ್ ಮಾತ್ರ ಮಕ್ಕಳ ಕೈಗೆ ಕೊಡಬೇಡ.

ತಾತನ ಕ್ಯಾಸೆಟ್ ಕಥೆ ನಿಮಗೆಲ್ಲ ಗೊತ್ತಿರೋದೇ. ನಿಮ್ಮಪ್ಪನೇ ರೆಕಾರ್ಡಿನ ಕೆಂಪು ಗುಂಡಿ, ಪ್ಲೇ ಗುಂಡಿ ಎರಡೂ ಒಟ್ಟಿಗೆ ಒತ್ತಿ ಕೂತಿದ್ದು. ಸಿ-90 ಕ್ಯಾಸೆಟ್, ಒಂದೊಂದು ಕಡೆ 45 ನಿಮಿಷ. ತಾತ ಗಂಟಲು ಸರಿಮಾಡ್ಕೊಂಡು "ಓಡ್ತಾ ಇದೆಯೇನೋ?" ಅಂತ ಕೇಳಿದ್ದೂ ಅದರಲ್ಲಿತ್ತು. ಆಮೇಲೆ ಜೋಗುಳ. ಎರಡನೇ ಚರಣ ಮರೆತುಹೋಗಿ ಹೂಂಹೂಂ ಅಂತ ರಾಗದಲ್ಲೇ ದಾಟಿಸಿದ್ರು. ರೇಡಿಯೋದಲ್ಲಿ ಬೇಡದ ಸಾಲು ಬಂದ್ರೂ ಅಷ್ಟೇ, ಆಫ್ ಮಾಡ್ತಿರಲಿಲ್ಲ, ಬೈತಿರಲಿಲ್ಲ, ಅದರ ಮೇಲೆ ತಾನೇ ಜೋರಾಗಿ ಬೇರೆ ಪದ ಹಾಕಿ ಹಾಡೋರು. ಹಾಡು ಇರೋದೇ ಹಾಗೆ ಅಂದ್ಕೊಂಡು ನಾವು ಬೆಳೆದ್ವಿ! ಮದುವೆ ಆದಮೇಲೆ ನಿಜವಾದ ಸಾಲು ಕೇಳಿ ನಾನು ಗಾಬರಿ ಬಿದ್ದೆ. ನಿಮ್ಮಪ್ಪನಿಗೂ ಅದೇ ಚಾಳಿ ಬಂತು.

ಹಾಂ, ಕ್ಯಾಸೆಟ್. ಅದರ ಬೆನ್ನಿನ ಕಡೆ ಎರಡು ತುದಿಗೂ ಒಂದೊಂದು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತಲ್ಲ, ಅದನ್ನ ಯಾರೂ ಮುರಿದಿರಲಿಲ್ಲ. ಅದಿರೋ ತನಕ ಯಾರು ಬೇಕಾದ್ರೂ ಮೇಲೆ ರೆಕಾರ್ಡ್ ಮಾಡಬಹುದು. ಒಬ್ಬ ಹುಡುಗ, ಯಾರು ಅಂತ ಹೇಳಲ್ಲ, ಈ ಗ್ರೂಪಲ್ಲೇ ಇದಾನೆ, ಅದರ ಮೇಲೆ ಕ್ರಿಕೆಟ್ ಕಾಮೆಂಟರಿ ತುಂಬಿಸಿಬಿಟ್ಟ. ಹೊಸದು ಸೇರೋಕೆ ಮುಂಚೆ ಯಂತ್ರ ಹಳೇದನ್ನ ಅಳಿಸ್ಕೊಂಡೇ ಹೋಗುತ್ತೆ. ತಾತ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಮ್ಮ ಜೋಗುಳ ಕೇಳೋಣ ಅಂತ ಗುಂಡಿ ಒತ್ತಿದ್ರೆ ಯಾರೋ ಔಟಾದ ಅಂತ ಕಿರುಚಾಟ. ಅದಕ್ಕೇ ಮತ್ತೆ ಹೇಳ್ತಿದೀನಿ, ಕ್ಯಾಸೆಟ್ ಮಕ್ಕಳ ಕೈಗೆ ಕೊಡಬೇಡ.

ತಾತನದು ಅಂತ ಉಳಿದಿದ್ದು ಆ ಹಾರ್ಮೋನಿಯಂ. ಅದೆಲ್ಲಿ ಹೋಯ್ತು ಅಂತ ಇವತ್ತಿಗೂ ಯಾರೂ ಬಾಯಿ ಬಿಡಲ್ಲ. ತಿದಿ ತೂತಾಗಿತ್ತಂತೆ, ಸಾಗಹಾಕಿದ್ರಂತೆ. ತಿದಿ ರಿಪೇರಿ ಮಾಡಿಸೋದು ಯಾವ ಮಹಾ ಕೆಲಸ? ತಾತನ ಬೀರು ಯಾರಿಗೆ ಅಂತ ಎಷ್ಟು ಮಾತಾಯ್ತು ಆವಾಗ! ಹಾರ್ಮೋನಿಯಂ ಹೊರಗೆ ಹೋಗುವಾಗ ಮನೆ ಹೆಣ್ಣುಮಕ್ಕಳನ್ನ ಒಂದು ಮಾತು ಕೇಳಬೇಕು ಅಂತ ಒಬ್ಬರಿಗೂ ಅನ್ನಿಸ್ಲಿಲ್ಲ. ಕೇಳೋರು ಕೇಳ್ಕೊಳ್ಳಲಿ, ನನಗೇನು.

ಅಯ್ಯೋ, ನೀನು ಕೇಳಿದ್ದು ಕೀಚ್ ಶಬ್ದ ಅಲ್ವಾ. ಮೊದಲು ಆ ಪ್ಲಾಸ್ಟಿಕ್ ಚೂರು ಎರಡೂ ಮುರಿದುಬಿಡು. ಪ್ಲೇಯರಿನ ಹೆಡ್ಡನ್ನ, ಅಂದ್ರೆ ಟೇಪ್ ತಾಗಿ ಓಡೋ ಲೋಹದ ಭಾಗನ, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಬೇಡವಾದ ಕ್ಯಾಸೆಟ್ ಒಂದನ್ನ ಓಡಿಸಿ ನೋಡು, ಪ್ಲೇಯರ್ ಟೇಪ್ ನುಂಗುತ್ತೇನೋ ಅಂತ. ಆಮೇಲೆ ಅಪ್ಪನದನ್ನ ಹಾಕಿ, ಕೊನೇ ತನಕ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತು. ವರ್ಷಗಟ್ಟಲೆ ಅಲ್ಲಾಡದ ಟೇಪ್ ಒಂದಕ್ಕೊಂದು ಅಂಟ್ಕೊಂಡಿರುತ್ತೆ, ಸಡಿಲ ಆಗಲಿ. ಆಗಲೂ ಕೀಚ್ ಅಂದ್ರೆ ಬಲವಂತ ಮಾಡಬೇಡ, ತಿಳಿದೋರಿಗೆ ತೋರಿಸು, ಆದ್ರೆ ಕೊಟ್ಟು ಬರಬೇಡ, ಜೊತೇಲೇ ಕೂತಿರು. ಸರಿ ಓಡಿದ್ರೆ ಹೆಡ್‌ಫೋನ್ ತೂತಿಂದ ವೈರ್ ಎಳೆದು ಕಂಪ್ಯೂಟರಿಗೆ ರೆಕಾರ್ಡ್ ಮಾಡ್ಕೋ. ಮೊಬೈಲ್ ಮುಂದೆ ಹಿಡಿದ್ರೆ ಫ್ಯಾನ್ ಸದ್ದೂ ಸೇರುತ್ತೆ. ವೇವ್ ಫೈಲ್, ಅಂದ್ರೆ ಧ್ವನಿನ ಕುಗ್ಗಿಸದೆ ಇಡೋ ಫೈಲ್, ಮಾಡಿ ಎರಡು ಮೂರು ಕಡೆ ಇಡು. ಮಕ್ಕಳಿಗೆ ಅದರ ಕಾಪಿ ಸಾಕು, ಇಂಟರ್‌ನೆಟ್ ಆಫ್ ಮಾಡಿ ಹಾಕು, ಅಸಭ್ಯ ಹಾಡೂ ನುಗ್ಗಲ್ಲ. ಕ್ಯಾಸೆಟ್ಟನ್ನ ಸ್ಪೀಕರ್ ಹತ್ತಿರ ಇಡಬೇಡ, ಸ್ಪೀಕರ್ ಒಳಗಡೆ ಆಯಸ್ಕಾಂತ ಇರುತ್ತೆ, ಹಾಡು ಅಳಿಸಿಹೋಗಬಹುದು.

ಆದ ತಕ್ಷಣ ಮೊದಲು ನನಗೆ ಕಳಿಸು. ಗ್ರೂಪಿಗೆ ಆಮೇಲೆ ಹಾಕಿದ್ರಾಯ್ತು. ಇಡ್ತೀನಿ.