ಅಪ್‌ಡೇಟ್: ದವಡೆ ಮುರಿದ ನಮ್ಮ ಮೊಲ ಗರಿಕೆ ಕಡೀತು

ಅಟ್ಟದಿಂದ ಬಿದ್ದು ಜೊಲ್ಲು ಸುರಿಸ್ತಾ, ತಿನ್ನೋದೇ ಬಿಟ್ಟಿದ್ದ ನಮ್ಮ ಬೆಳ್ಳಿ ಬಗ್ಗೆ 3 ವಾರದ ಹಿಂದೆ ಕೇಳಿದ್ದೆ. 'ಮೊಲ ಅರ್ಧ ದಿನ ಉಪವಾಸ ಇದ್ರೂ ಕರುಳು ನಿಂತುಹೋಗಬಹುದು, ಕಾಯಬೇಡಿ' ಅಂದಿರಲ್ಲ ಅಣ್ಣಾರೆ, ಅವತ್ತೇ ದಾವಣಗೆರೆಗೆ ಒಯ್ದೆವು. ಮೊದಲು ನೋಡಿದವರು ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ಸಿರಪ್ ಬರೆದಿದ್ರು. ಬಾಯಿಂದ ಕೊಟ್ಟರೆ ಅದು ಮೊಲದ ಜೀವಕ್ಕೇ ಕುತ್ತಂತೆ; ಸದ್ಯ, ಕುಡಿಸಿರಲಿಲ್ಲ!

ಎರಡನೇ ಡಾಕ್ಟರ್ ಅರಿವಳಿಕೆ ಕೊಟ್ಟು, ತಲೆಯನ್ನ ಬೇರೆಬೇರೆ ಕಡೆಯಿಂದ ಎಕ್ಸ್‌ರೇ ತೆಗೆದ್ರು. ಕೆಳದವಡೆಯ ಎರಡು ಭಾಗ ಗದ್ದದ ಹತ್ರ ಕೂಡೋ ಕಡೆ ಬಿಟ್ಟಿತ್ತು. ತಂತಿ ಕಟ್ಟಿ, ನೋವಿಗೆ ಮೆಲಾಕ್ಸಿಕಾಮ್ ಕೊಟ್ರು. ಪೆಲೆಟ್ (ಮೊಲದ ಒಣ ಗುಳಿಗೆ ಮೇವು) ನೆನೆಸಿ, ರುಬ್ಬಿ, ಸೂಜಿ ತೆಗೆದ ಸಿರಿಂಜಲ್ಲಿ ಬಾಯಿ ಪಕ್ಕದಿಂದ ಉಣಿಸಿದ್ದು. ಅರ್ಧ ನನ್ನ ಲುಂಗಿಗೇ.

ನಿನ್ನೆ ಗರಿಕೆ ಎಳೆಯೊಂದನ್ನ ತಾನೇ ಎಳಕೊಂಡು ನಿಧಾನಕ್ಕೆ ಅಗಿದಳು. ಬಾಚಿಹಲ್ಲು ಸಾಯೋತನಕ ಬೆಳೀತಾವಲ್ಲ, ಸೊಟ್ಟಗಾದ್ರೆ ಟ್ರಿಮ್ ಮಾಡಿಸಬೇಕಂತೆ. 15 ದಿನ ಬಿಟ್ಟು ಮತ್ತೆ ತೋರಿಸ್ತೀವಿ.