ಸಹಾಯ ಬೇಕು: ಮುಖ ಒಂದೇ ಕಡೆ ಸೊಟ್ಟ, ಶುಗರ್ 280, ಸ್ಟೀರಾಯ್ಡ್ ಶುರು ಮಾಡೋಣವೇ?

ಹಾವೇರಿ, ಹುಬ್ಬಳ್ಳಿ ಕಡೆಯ ಇಎನ್‌ಟಿ ಮತ್ತು ಮೆಡಿಸಿನ್ ಡಾಕ್ಟರರು ದಯವಿಟ್ಟು ನೋಡ್ರಿ. ರೋಗಿಗೆ ಐವತ್ತರ ಆಸುಪಾಸು, ಹಳೇ ಶುಗರ್. ನಿನ್ನೆ ಬೆಳಿಗ್ಗೆಯಿಂದ ಬಲಗಡೆ ಮುಖ ಬಿದ್ದಿದೆ. ಮನೆಯವರು ಲಕ್ವಾ ಅಂತ ಎಣ್ಣೆ ತಿಕ್ಕಿಸಿ ಕರೆತಂದಿದ್ದಾರೆ.

ಹುಬ್ಬೇರಿಸಿದರೆ ಬಲ ಹಣೆಯಲ್ಲಿ ಒಂದೂ ಗೆರೆ ಮೂಡುವುದಿಲ್ಲ. ಕಣ್ಣು ಮುಚ್ಚಲು ಹೋದರೆ ಗುಡ್ಡೆ ಮೇಲೆ ಹೊರಳಿ ಬಿಳಿ ಭಾಗ ಕಾಣುತ್ತದೆ. ಕೈಕಾಲು, ಮಾತು, ನಡಿಗೆ ಸರಿ ಇವೆ. ಹಣೆಯೂ ಬಿದ್ದಿರುವುದರಿಂದ ಮೆದುಳಿನ ಸ್ಟ್ರೋಕ್‌ಗಿಂತ ಮುಖದ ನರದ್ದೇ ತೊಂದರೆ ಅನಿಸುತ್ತದೆ. ಕಿವಿಯ ಹೊರಗೆ, ಬಾಯಿಯ ಅಂಗುಳದಲ್ಲಿ ನೀರ್ಗುಳ್ಳೆ ಇಲ್ಲ.

ತೊಡಕು ಕಿವಿಯದ್ದು. ರಾತ್ರಿ ನಿದ್ದೆ ಕೆಡಿಸುವಷ್ಟು ನೋವು. ನಾಳದ ತುಂಬ ಗುಗ್ಗೆ ಇರುವುದರಿಂದ ಒಳಗೇನೂ ಕಾಣುತ್ತಿಲ್ಲ. ಬರೀ ಬೆಲ್ಸ್ ಪಾಲ್ಸಿ (ಬೇರೆ ಕಾರಣ ಕಾಣದೆ ಮುಖದ ನರ ಸೋಲುವುದು) ಆಗಿದ್ದರೆ 72 ತಾಸಿನೊಳಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಡಬೇಕು: ದಿನಕ್ಕೆ 60 ಮಿ.ಗ್ರಾಂನಂತೆ 5 ದಿನ, ಆಮೇಲೆ ದಿನಕ್ಕೆ 10ರಂತೆ ಇಳಿಕೆ. ಆದರೆ ಶುಗರ್ ಇರುವವರಲ್ಲಿ ನಾಳದ ತಳದಲ್ಲಿ ಕೆಂಪು ಮಾಂಸ ಬೆಳೆದಿದ್ದರೆ ಅದು ಮಾಲಿಗ್ನಂಟ್ ಓಟೈಟಿಸ್ (ಕಿವಿಯಿಂದ ತಲೆಬುರುಡೆಯ ಎಲುಬಿಗೆ ಹರಡುವ ಸೋಂಕು) ಇರಬಹುದು. ಅಲ್ಲಿ ಸ್ಟೀರಾಯ್ಡ್ ಕೊಟ್ಟರೆ ಸೋಂಕು ಎಲುಬಿನಲ್ಲಿ ಇನ್ನಷ್ಟು ಹರಡೀತು. ನೀರು ಹಾಯಿಸಿ ಗುಗ್ಗೆ ತೆಗೆಯಲು ಧೈರ್ಯವಿಲ್ಲ, ಇಂಥವರಲ್ಲಿ ಆ ನೀರೇ ಸೋಂಕು ತರಬಹುದು.

ಇವತ್ತೇ ಮೈಕ್ರೋಸ್ಕೋಪ್ ಕೆಳಗೆ ಸಕ್ಷನ್ ಮಾಡಿ ಗುಗ್ಗೆ ಹೀರಿ ತೆಗೆಯುವವರು ಹಾವೇರಿಯಲ್ಲಿ ಸಿಗುತ್ತಾರೆಯೇ, ಇಲ್ಲಾ ನೇರ ಹುಬ್ಬಳ್ಳಿಯ ಕಿಮ್ಸ್ ಸರ್ಕಾರಿ ಆಸ್ಪತ್ರೆಗೆ ಕಳಿಸೋಣವೇ? ಇನ್ಸುಲಿನ್ ರಕ್ಷಣೆಯಲ್ಲಿ ಸ್ಟೀರಾಯ್ಡ್‌ನ ಮೊದಲ ಡೋಸ್ ಇಲ್ಲೇ ಕೊಡುವುದೋ, ಕಿವಿ ನೋಡಿದ ಮೇಲೋ? ಕಣ್ಣಿಗೆ ಹಗಲು ಡ್ರಾಪ್ಸ್, ರಾತ್ರಿ ಮುಲಾಮು ಹಚ್ಚಿ ಟೇಪ್ ಶುರುವಾಗಿದೆ.