ಎರೆ ಹೊಲದಲ್ಲಿ ಇಂಗಾಲ: ಎಕರೆಗೆ ಎಷ್ಟು ಟನ್ ಅಂತ ಲೆಕ್ಕ ಹಾಕೋದು ಹೇಗೆ?

ಪ್ರಶ್ನೆ: ಲಿಂಗಸುಗೂರು ಕಡೆಯ ಎರೆ (ಕಪ್ಪು ಮಣ್ಣಿನ) ಹೊಲ, ಹಿಂಗಾರಿ ಜೋಳ-ಕಡಲೆ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ 0.5% ಬಂದಿದೆ. ಇದು ಎಕರೆಗೆ ಎಷ್ಟು ಟನ್? ಬಿಸಿಲು ಹೆಚ್ಚಾದ್ರೆ ಉಳಿಯುತ್ತಾ?

ಉತ್ತರ 1: ಇಂಗಾಲದ ಶೇಕಡಾವಾರು × ಸಾಂದ್ರತೆ (ಒಂದು ಘನ ಸೆಂ.ಮೀ. ಜಾಗದಲ್ಲಿರೋ ಒಣ ಮಣ್ಣಿನ ತೂಕ, ಗ್ರಾಂನಲ್ಲಿ) × ಆಳ (ಸೆಂ.ಮೀ.) ಗುಣಿಸಿ, ಹೆಕ್ಟೇರಿಗೆ ಟನ್ ಸಿಗುತ್ತೆ. ಸಾಂದ್ರತೆ 1.3, ಆಳ 15 ಅಂದ್ರೆ 9.75; ಎಕರೆಗೆ ಸುಮಾರು 4 ಟನ್. ಮಾದರಿ 15 ಸೆಂ.ಮೀ.ವರೆಗೆ ತೆಗೆದು ಲೆಕ್ಕದಲ್ಲಿ 30 ಹಾಕಬೇಡಿ, ಕೆಳಗೆ ಹೋದಷ್ಟೂ ಇಂಗಾಲ ಕಡಿಮೆ.

ಉತ್ತರ 2: ಎಡವೋದೆಲ್ಲ ಸಾಂದ್ರತೆಯಲ್ಲೇ. ಎರೆ ಮಣ್ಣು ನೆನೆದ್ರೆ ಉಬ್ಬುತ್ತೆ, ಒಣಗಿದ್ರೆ ಕುಗ್ಗಿ ಬಿರಿಯುತ್ತೆ. ಹಾಗಾಗಿ ಪ್ರತಿ ವರ್ಷ ಒಂದೇ ಹದದಲ್ಲಿ, ಬಿರುಕು ತಪ್ಪಿಸಿ, ಅಳತೆ ಗೊತ್ತಿರೋ ಉಕ್ಕಿನ ಉಂಗುರ ಹೊಡೆದು ಮಣ್ಣು ತೆಗೀರಿ. 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ತೂಗಿ, ಉಂಗುರದೊಳಗಿನ ಗಾತ್ರದಿಂದ (ಘನ ಸೆಂ.ಮೀ.) ಭಾಗಿಸಿ, ಸಾಂದ್ರತೆ ಸಿಗುತ್ತೆ.

ಇನ್ನೊಂದು, ನಮ್ಮ ಎರೆಯಲ್ಲಿ ಸುಣ್ಣದ ಹರಳು ಜಾಸ್ತಿ. ಮಣ್ಣು ಸುಟ್ಟು ಒಟ್ಟು ಇಂಗಾಲ ಅಳೆಯೋ ಯಂತ್ರ, ಆಮ್ಲ ಹಾಕಿ ಸುಣ್ಣ ತೆಗೀದಿದ್ರೆ, ಸುಣ್ಣದಲ್ಲಿರೋ ಇಂಗಾಲವನ್ನೂ ಲೆಕ್ಕಕ್ಕೆ ಸೇರಿಸುತ್ತೆ. ಡೈಕ್ರೋಮೇಟ್ ಅನ್ನೋ ರಾಸಾಯನಿಕ ಹಾಕಿ ಸಾವಯವ ಇಂಗಾಲ ಅಳೆಯೋ ವಿಧಾನಕ್ಕೆ ಆ ತೊಂದರೆ ಇಲ್ಲ, ಆದ್ರೆ ಸಾವಯವ ಇಂಗಾಲದ ಕಾಲು ಭಾಗದಷ್ಟು ಅದಕ್ಕೆ ಸಿಗಲ್ಲ. ಅದಕ್ಕೇ 1.3ರಿಂದ ಗುಣಿಸ್ತಾರೆ. ನಿಮ್ಮ 0.5ರಲ್ಲಿ ಅದು ಸೇರಿದೆಯಾ, ಮೊದಲು ಕೇಳಿ.

ಉತ್ತರ 3: ಬಿಸಿಲಿಗೆ ಇಂಗಾಲ ಉಳಿಯೋ ವಿಷಯ: ಮಣ್ಣು ಹಸಿ ಇದ್ರೆ, 10 ಡಿಗ್ರಿ ಏರಿದಾಗ ಸೂಕ್ಷ್ಮಜೀವಿಗಳ ಉಸಿರಾಟ (ಮಣ್ಣಿನ ಇಂಗಾಲ ತಿಂದು ಗಾಳಿಗೆ ಬಿಡೋದು) ಹೆಚ್ಚುಕಡಿಮೆ ದುಪ್ಪಟ್ಟು. ಮೇ ತಿಂಗಳ ಒಣ ಮಣ್ಣಲ್ಲಿ ಅವು ಸುಮ್ಮನಿರ್ತವೆ. ಮೊದಲ ಮಳೆಗೆ ಒಮ್ಮೆಲೇ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತೆ. ಸೊಪ್ಪೆ ದನಕ್ಕೆ ಹೋದ್ರೂ ಕೂಳೆ, ಬೇರು ಸುಡಬೇಡಿ, ಗೊಬ್ಬರ ಹೊಲಕ್ಕೆ ವಾಪಸ್ ಹಾಕಿ. ಗಂಗಾವತಿ ಭತ್ತದ ಗದ್ದೆಗೆ ಹೋಲಿಸೋಕೆ ಹೋಗ್ಬೇಡಿ, ನಿಂತ ನೀರಲ್ಲಿ ಇಂಗಾಲ ಉಳಿದ್ರೂ ಭೂಮಿ ಬಿಸಿ ಏರಿಸೋ ಮೀಥೇನ್ ಅನಿಲ ಏಳುತ್ತೆ.